ತೇಗದ ಬಾಗಿಲಿನ ಹಳೆಯ ವಾರ್ನಿಶ್ ತೆಗೆಯುವುದು ಹೇಗೆ?

ಗೃಹಪ್ರವೇಶಕ್ಕೆ ಒಂದು ಕೋಟು, ಮಗಳ ಮದುವೆಗೆ ಒಂದು, ನಡುವೆ ಯಾವುದೋ ದೀಪಾವಳಿಗೆ ಅಗ್ಗದ ಡಬ್ಬಿಯದು ಇನ್ನೊಂದು. ಮೂವತ್ತು ವರ್ಷದ ಮುಂಬಾಗಿಲು ಬೆಲ್ಲದ ಪಾಕ ಸುರಿದು ಒಣಗಿಸಿದ ಹಾಗೆ ಕಾಣುವುದು ಹೀಗೆ. ಬಿಸಿಲು ಬೀಳುವ ಕೆಳಭಾಗದಲ್ಲಿ ವಾರ್ನಿಶ್ ಚಕ್ಕೆ ಚಕ್ಕೆಯಾಗಿ ಏಳುತ್ತದೆ; ಸಜ್ಜೆಯ ನೆರಳಿರುವ ಮೇಲ್ಭಾಗದಲ್ಲಿ ಕಪ್ಪಾಗಿ ಕಚ್ಚಿಕೊಂಡಿರುತ್ತದೆ.

ಇದನ್ನು ತೆಗೆಯಲು ಹೊರಟವರು ಮೊದಲು ಮಾಡುವ ಕೆಲಸ ಗ್ರೈಂಡರ್ ಬಾಡಿಗೆಗೆ ತರುವುದು. ನನ್ನ ಚಿಕ್ಕಪ್ಪನ ಮನೆಯ ಬಾಗಿಲಿನ ನಡುವೆ ಕೆತ್ತನೆಯ ಕಮಲವಿತ್ತು. ಅರ್ಧ ಗಂಟೆಯ ಗ್ರೈಂಡರ್ ಸೇವೆಯ ನಂತರ ಅದು ಬಟ್ಟಲಾಗಿತ್ತು. ಕೆತ್ತನೆಯಿಲ್ಲದ ಹಲಗೆಯಲ್ಲೂ ಅರ್ಧಚಂದ್ರದ ಗೆರೆಗಳು ಉಳಿದು, ಹೊಸ ಪಾಲಿಶ್ ಬಿದ್ದ ಮೇಲೆ ಇನ್ನಷ್ಟು ಎದ್ದು ಕಂಡವು. ಗ್ರೈಂಡರ್ ಕಲ್ಲಿಗೆ, ಕಬ್ಬಿಣಕ್ಕೆ ಇರಲಿ.

ಮಳೆಗಾಲದಲ್ಲಿ ಈ ಕೆಲಸ ಬೇಡ. ಜನವರಿಯಿಂದ ಯುಗಾದಿಯೊಳಗೆ ಮುಗಿಸಿ. ಚಿಲಕ, ಹಿತ್ತಾಳೆಯ ಹಿಡಿಕೆ ಬಿಚ್ಚಿಡಿ. ಬಾಗಿಲನ್ನೂ ಕಳಚಿ ಅಂಗಳದಲ್ಲಿ ಎರಡು ಸ್ಟೂಲುಗಳ ಮೇಲೆ ಮಲಗಿಸಿ.

ಮೇಲೆ ಕೂತಿರುವುದು ಏನೆಂದು ಈಗ ನೋಡಬೇಕು. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯನ್ನು ಕಣ್ಣಿಗೆ ಬೀಳದ ಮೂಲೆಯಲ್ಲಿ ಒತ್ತಿ ಹಿಡಿಯಿರಿ. ಮೆತ್ತಗಾಗಿ ಅಂಟಿದರೆ ಅದು ಅರಗಿನ ಫ್ರೆಂಚ್ ಪಾಲಿಶ್. ಸ್ಪಿರಿಟ್ ಮತ್ತು ತೆಂಗಿನ ನಾರಿನಲ್ಲೇ ಹೋಗುತ್ತದೆ, ದುಡ್ಡು ಉಳಿಯಿತು. ಏನೂ ಆಗದಿದ್ದರೆ ವಾರ್ನಿಶ್ ಅಥವಾ ಪಿಯು (ಪಾಲಿಯುರಿಥೇನ್ ಲೇಪ). ಅಡಿಯಲ್ಲಿ ಹಸಿರೋ ನೀಲಿಯೋ ಎನಾಮಲ್ ಬಣ್ಣ ಇಣುಕಿದರೆ ಎಚ್ಚರ. ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು 90 ಪಿಪಿಎಂಗೆ (ಹತ್ತು ಲಕ್ಷ ಭಾಗಕ್ಕೆ 90) ಮಿತಿಗೊಳಿಸುವ ನಿಯಮ ನಮ್ಮಲ್ಲಿ ಬಂದದ್ದು 2016ರಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಿದರೆ ಸೀಸದ ಧೂಳು ಮಕ್ಕಳ ಬಾಯಿಗೆ ಹೋಗಬಹುದು. ಅಂಥ ಕಡೆ ಬಿಸಿಗಾಳಿ ಊದುವ ಹೀಟ್ ಗನ್ ಕೂಡ ಹಿಡಿಯಬೇಡಿ.

ಇನ್ನು ವಾರ್ನಿಶ್ ಮೆತ್ತಗಾಗಿಸುವ ರಿಮೂವರ್. ಜನ ಎಡವುವುದೆಲ್ಲ ಇಲ್ಲಿಯೇ. ಘಾಟು ಹೊಡೆಯುವ ಹಳೆಯ ಮಾದರಿಯ ರಿಮೂವರ್‌ನಲ್ಲಿರುವುದು ಮೆಥಿಲೀನ್ ಕ್ಲೋರೈಡ್. ಮನೆಬಳಕೆಯ ಪೇಂಟ್ ರಿಮೂವರ್‌ಗಳಲ್ಲಿ ಇದನ್ನು ಅಮೆರಿಕ 2019ರಲ್ಲೇ ನಿಷೇಧಿಸಿತು. ಬಾಗಿಲು ಅಂಗಳದಲ್ಲಿರಬೇಕು ಎಂದದ್ದು ಇದರ ವಿಷದ ಆವಿಗಾಗಿಯೇ. ಬಟ್ಟೆಯ ಮಾಸ್ಕ್ ಈ ಆವಿಯನ್ನು ತಡೆಯುವುದಿಲ್ಲ. ದಪ್ಪ ಕೈಗವಸು ಹಾಕಿ, ಚರ್ಮ ಚುರುಗುಟ್ಟಿದ ಕೂಡಲೇ ಕಳಚಿ ಕೈ ತೊಳೆಯಿರಿ.

ಹಚ್ಚುವಾಗ ಪೇಂಟ್ ಮಾಡುವಂತೆ ಬ್ರಷ್ ಹಿಂದೆ ಮುಂದೆ ಆಡಿಸಬಾರದು. ಪೇಪರ್ ದೋಸೆಯ ಹಾಗೆ ತೆಳುವಾಗಿ ಎಳೆದರೆ ಎರಡು ನಿಮಿಷದಲ್ಲಿ ಆರಿಹೋಗುತ್ತದೆ. ಒಂದೇ ದಿಕ್ಕಿಗೆ, ದಪ್ಪನಾಗಿ, ಒಮ್ಮೆಗೆ ಎರಡು ಅಡಿ ಜಾಗಕ್ಕಷ್ಟೇ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ. ಆಮೇಲೆ ಹದಿನೈದು ಇಪ್ಪತ್ತು ನಿಮಿಷ ದೂರ ಹೋಗಿ ಕಾಫಿ ಕುಡಿಯಿರಿ. ಐದನೇ ನಿಮಿಷಕ್ಕೆ ಗುಳ್ಳೆ ಏಳುತ್ತದೆ, ಎಲ್ಲರೂ ಸ್ಕ್ರೇಪರ್ ಎತ್ತಿಕೊಳ್ಳುತ್ತಾರೆ. ಆಗ ಏಳುವುದು ಕೊನೆಗೆ ಬಳಿದ ಮದುವೆಯ ಕೋಟು ಮಾತ್ರ. ಗೃಹಪ್ರವೇಶದ್ದು ಅಡಿಯಲ್ಲಿ ಕಲ್ಲಿನಂತೆ ಕೂತಿರುತ್ತದೆ. ಹದ ಬಂದದ್ದು ಕೈಗೆ ತಿಳಿಯುತ್ತದೆ: ಸ್ಕ್ರೇಪರ್ ತಳ್ಳಿದರೆ ಹಾಲಿನ ಕೆನೆಯಂತೆ ಮಡಚಿಕೊಂಡು ಬರಬೇಕು. ಕರಕರ ಸದ್ದು ಬಂತೋ, ನೀವು ಕೆರೆಯುತ್ತಿರುವುದು ಮರವನ್ನು. ನಿಲ್ಲಿಸಿ, ಇನ್ನೊಂದು ಕೋಟು ಹಚ್ಚಿ.

ಹೊಸ ಸ್ಕ್ರೇಪರ್‌ನ ಎರಡು ಚೂಪು ಮೂಲೆಗಳನ್ನು ಮೊದಲೇ ಅರದಿಂದ ಉಜ್ಜಿ ದುಂಡಗೆ ಮಾಡಿ, ಮರದ ಎಳೆಯ ದಿಕ್ಕಿಗೇ ತಳ್ಳಿ. ಕೆತ್ತನೆಗೆ ಬಡಗಿಯ ಬಳಿಯಿಂದ ಒಂದು ಚೀಲ ಮರದ ಹೊಟ್ಟು ತನ್ನಿ. ಕರಗಿದ ರಾಡಿಯ ಮೇಲೆ ಹೊಟ್ಟು ಎರಚಿ ತೆಂಗಿನ ನಾರಿನಿಂದ ಉಜ್ಜಿದರೆ ದಳದ ಸಂದಿಯಲ್ಲಿದ್ದುದೂ ಉಂಡೆಯಾಗಿ ಕಿತ್ತು ಬರುತ್ತದೆ. ಉಳಿದದ್ದಕ್ಕೆ ಬಿದಿರಿನ ಕಡ್ಡಿ, ಹಳೆಯ ಟೂತ್‌ಬ್ರಷ್. ಪಾತ್ರೆ ಉಜ್ಜುವ ಸ್ಟೀಲ್ ನಾರು ಬೇಡ. ಅದರ ಚೂರು ತೇವದ ತೇಗದಲ್ಲಿ ಸಿಕ್ಕಿ ಕಪ್ಪು ಚುಕ್ಕೆ ಕಟ್ಟುತ್ತದೆ.

ಈಗ ಎಲ್ಲರೂ ಬಿಟ್ಟುಬಿಡುವ ಕೆಲಸ. ಈ ರಿಮೂವರ್‌ಗಳಲ್ಲಿ ಬೇಗ ಆರದಿರಲೆಂದು ಮೇಣ ಸೇರಿಸಿರುತ್ತಾರೆ. ಥಿನ್ನರ್ ಅದ್ದಿದ ಶುಭ್ರ ಬಟ್ಟೆಯಿಂದ ಎರಡು ಬಾರಿ ಒರೆಸದಿದ್ದರೆ ಮೇಣ ಮರದಲ್ಲೇ ಉಳಿದು, ಹೊಸ ಕೋಟು ಒಣಗುವುದೇ ಇಲ್ಲ. ನಾನು ಮೊದಲ ಸಲ ಇದನ್ನು ಬಿಟ್ಟೆ. ಯುಗಾದಿಯ ದಿನ ಕಟ್ಟಿದ ತೋರಣದ ಮಾವಿನೆಲೆ ಬಾಗಿಲುವಾಡಕ್ಕೆ ಅಂಟಿಕೊಂಡು, ಕೀಳಲು ಹೋದರೆ ಎಲೆಯ ನರಗಳ ಅಚ್ಚು ಅಲ್ಲೇ ಉಳಿಯಿತು. ವಾರ್ನಿಶ್ ಕೊಟ್ಟ ಅಂಗಡಿಯವನನ್ನು ಬೈದದ್ದೂ ಆಗಿತ್ತು.

ವಾರ್ನಿಶ್ ಹೋದರೂ ಸ್ಟೇನ್ ಹೋಗಿರುವುದಿಲ್ಲ. ಅದು ಮರದೊಳಗೆ ಇಳಿದ ಬಣ್ಣ. 80, 120, 180 ನಂಬರಿನ ಸ್ಯಾಂಡ್‌ಪೇಪರ್ ಇದೇ ಕ್ರಮದಲ್ಲಿ. ಅಷ್ಟಕ್ಕೂ ಉಳಿದ ಛಾಯೆ ಉಳಿಯಲಿ. ಮೊಳೆಯ ಸುತ್ತಲಿನ ಕಪ್ಪು ಕಲೆಗೆ ಲೀಟರ್ ಬಿಸಿನೀರಿಗೆ 30 ಗ್ರಾಂ ಆಕ್ಸಾಲಿಕ್ ಆಮ್ಲ ಕರಗಿಸಿ ಹಚ್ಚಿ, ಚೆನ್ನಾಗಿ ತೊಳೆಯಿರಿ. ಅದು ವಿಷ, ಕೈಗವಸು ಕಡ್ಡಾಯ. ಕಾಸ್ಟಿಕ್ ಸೋಡದ ನೀರಿನಲ್ಲಿ ಎಲ್ಲವೂ ಒಂದೇ ಸಲಕ್ಕೆ ಹೋಗುತ್ತದೆ ಎನ್ನುವವರ ಮಾತು ಕೇಳಬೇಡಿ. ಹೋಗುವುದೇನೋ ನಿಜ, ತೇಗ ಕಪ್ಪಾಗುವುದೂ ನಿಜ. ಹೊಸ್ತಿಲಿನ ಅರಿಸಿನದ ಹಳದಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ಬಿಸಿಲು ಬಿದ್ದರೆ ತಾನಾಗಿ ಮಾಸುತ್ತದೆ.

ಇಷ್ಟೆಲ್ಲ ಕಷ್ಟಪಟ್ಟ ಮೇಲೆ ಮತ್ತೆ ಹೊಳೆಯುವ ವಾರ್ನಿಶ್ ಬಳಿಯಬೇಡಿ. ಕಾಯಿಸಿದ ಅಗಸೆ ಎಣ್ಣೆಯನ್ನು ಡಬ್ಬಿಯಲ್ಲೇ ಕೊಂಡು ತೆಳುವಾಗಿ ಎರಡು ಸಲ ತಿಕ್ಕಿ, ಹೆಚ್ಚಾದದ್ದನ್ನು ಒರೆಸಿ. ಮುಂದಿನ ಬಾರಿ ಕೀಳುವ ಕೆಲಸವೇ ಇರುವುದಿಲ್ಲ. ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯೇರುತ್ತದೆ, ಮುದ್ದೆಯಾದ ಬಟ್ಟೆಗೆ ತಾನಾಗಿಯೇ ಬೆಂಕಿ ಹತ್ತಬಹುದು. ಹಗ್ಗದ ಮೇಲೆ ಒಂದೊಂದಾಗಿ ಹರವಿ, ಪೂರ್ತಿ ಗರಿಗರಿಯಾದ ಮೇಲೆ ಕಸಕ್ಕೆ ಹಾಕಿ.