ಈಸ್ಟರ್ ಮೊಟ್ಟೆಗೆ ಬಣ್ಣ: ಎಲ್ಲ ಕೆಲಸ ಪರಾತದ ಒಳಗೇ

ಈಸ್ಟರ್ ಹತ್ತಿರ ಬಂದರೆ ಬೆಂಗಳೂರು, ಮಂಗಳೂರಿನ ಬೇಕರಿಗಳಲ್ಲಿ ಸಕ್ಕರೆ ಹೂವಿಟ್ಟ ಮಾರ್ಜಿಪಾನ್ (ಬಾದಾಮಿ ಅಥವಾ ಗೋಡಂಬಿ ಪುಡಿಗೆ ಸಕ್ಕರೆ ಕಲಸಿದ ಮಿಠಾಯಿ) ಮೊಟ್ಟೆಗಳು ಸಾಲಾಗಿ ಕೂತಿರುತ್ತವೆ. ಚೆಂದವೇ. ಆದರೆ ಮಕ್ಕಳಿಗೆ ತಾವೇ ಬಣ್ಣ ಹಾಕಿದ ಕೋಳಿಮೊಟ್ಟೆ ಮೇಲೆ ಇರುವ ಪ್ರೀತಿಯೇ ಬೇರೆ. ಹಿಂದೆ ಯುರೋಪಿನ ಕ್ರೈಸ್ತರು ಹಬ್ಬಕ್ಕೆ ಮುಂಚಿನ 40 ದಿನಗಳ ಉಪವಾಸದಲ್ಲಿ ಮೊಟ್ಟೆ ಮುಟ್ಟುತ್ತಿರಲಿಲ್ಲ. ಕೋಳಿಗಳು ಇಡುತ್ತಲೇ ಇರುತ್ತಿದ್ದವು. ಹಾಗೆ ಕೂಡಿಟ್ಟ ಮೊಟ್ಟೆಗಳಿಗೆ ಹಬ್ಬದ ಹೊತ್ತಿಗೆ ಬಣ್ಣ ಹಾಕುತ್ತಿದ್ದರು.

"ಮನೆಯೆಲ್ಲ ರಾಡಿ ಆಗುತ್ತೆ" ಅಂತ ಹೆದರಿ ಇದನ್ನು ಬಿಡಬೇಡಿ. ಒಂದು ವರ್ಷ ನಾನು ಲೋಟದ ತುಂಬ ನೀಲಿ ಬಣ್ಣ ಕಲಸಿಟ್ಟಿದ್ದೆ. ಮಗಳು ಮೊಟ್ಟೆ ಬಿಟ್ಟಳು, ಬಣ್ಣ ಉಕ್ಕಿ ಮೇಜಿನ ಬಟ್ಟೆ, ಅವಳ ಫ್ರಾಕು, ನೆಲ ಎಲ್ಲ ನೀಲಿ. ಅಂದಿನಿಂದ ಲೋಟಕ್ಕೆ ಅರ್ಧವೇ ಬಣ್ಣ. ಮೊಟ್ಟೆ ಇಳಿದಾಗ ನೀರು ತಾನಾಗಿ ಮೇಲೆ ಬರುತ್ತದೆ.

ಮೊದಲು ಜಾಗ

ಜಗಲಿ ಅಥವಾ ಬಾಲ್ಕನಿಯಲ್ಲಿ ಹಳೆ ಪೇಪರ್ ಹಾಸಿ. ಅದರ ಮೇಲೆ ಒಬ್ಬೊಬ್ಬ ಮಗುವಿಗೂ ಒಂದೊಂದು ಅಂಚಿರುವ ಸ್ಟೀಲ್ ಪರಾತ ಇಡಿ. ಲೋಟ, ಚಮಚ, ಮೊಟ್ಟೆ ಎಲ್ಲ ಅದರೊಳಗೇ ಇರಲಿ. ಚೆಲ್ಲಿದರೆ ಪರಾತ ತೊಳೆದರಾಯಿತು. ಮಕ್ಕಳಿಗೆ ಅಪ್ಪನ ಹಳೆ ಅಂಗಿಯನ್ನು ಹಿಂದುಮುಂದಾಗಿ ತೊಡಿಸಿ. ಕೈಗೆ ಬಣ್ಣ ಹತ್ತಬಾರದು ಅಂತ ಮೊದಲೇ ಎಣ್ಣೆ ಹಚ್ಚಬೇಡಿ. ಎಣ್ಣೆ ತಾಗಿದ ಕಡೆ ಮೊಟ್ಟೆಗೆ ಬಣ್ಣ ಹಿಡಿಯುವುದಿಲ್ಲ.

ಮೊಟ್ಟೆ ಬೇಯಿಸುವುದು

ಫಾರಂನ ಬಿಳಿ ಮೊಟ್ಟೆಯೇ ಇದಕ್ಕೆ ಸರಿ. ನಾಟಿ ಮೊಟ್ಟೆಯ ಕಂದು ಸಿಪ್ಪೆ ಮೇಲೆ ಬಣ್ಣ ಮಂಕಾಗುತ್ತದೆ. ತಣ್ಣೀರಿನಲ್ಲೇ ಹಾಕಿ, ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ 10 ನಿಮಿಷ ಬೇಯಿಸಿ. ತಣಿಸಿ, ಒರೆಸಿ.

ಅಕ್ಕಿ ಡಬ್ಬ

ಸಣ್ಣ ಮಕ್ಕಳಿದ್ದರೆ ನನ್ನ ಆಯ್ಕೆ ಇದೇ. ಮುಚ್ಚಳ ಬಿಗಿಯಾಗಿ ಕೂರುವ ಡಬ್ಬಕ್ಕೆ ಅರ್ಧ ಕಪ್ ಅಕ್ಕಿ, ಅಡುಗೆಗೆ ಬಳಸುವ ಫುಡ್ ಕಲರ್ 8-10 ಹನಿ ಹಾಕಿ ಕಲಸಿ. ಮೊಟ್ಟೆ ಇಡಿ, ಮುಚ್ಚಿ, ಮಗುವಿನ ಕೈಗೆ ಕೊಡಿ. ಮೆಲ್ಲಗೆ 20 ಎಣಿಸುವವರೆಗೆ ಅಲ್ಲಾಡಿಸಲಿ. ಜೋರಾದರೆ ಸಿಪ್ಪೆ ಬಿರುಕು ಬಿಡುತ್ತದೆ. ಮುಚ್ಚಳ ತೆಗೆದಾಗ ಮೊಟ್ಟೆ ಮೇಲೆಲ್ಲ ಅಕ್ಕಿ ಕಾಳಿನ ಗಾತ್ರದ ಚುಕ್ಕಿಗಳು, ಹಕ್ಕಿ ಮೊಟ್ಟೆಯ ಹಾಗೆ. ಒಣಗಿದ ಮೇಲೆ ಇನ್ನೊಂದು ಬಣ್ಣದ ಡಬ್ಬಕ್ಕೂ ಹಾಕಬಹುದು. ಮಿಕ್ಕ ಅಕ್ಕಿಯನ್ನು ಒಣಗಿಸಿಟ್ಟರೆ ರಂಗೋಲಿಗಾಗುತ್ತದೆ.

ಲೋಟದಲ್ಲಿ ಅದ್ದುವುದು

ಅರ್ಧ ಕಪ್ ಬಿಸಿನೀರಿಗೆ ಒಂದು ಟೀ ಚಮಚ ವಿನೆಗರ್, ಹತ್ತು ಹನಿ ಬಣ್ಣ. ಬೆಚ್ಚಗಾದ ಮೇಲೆ ಮಕ್ಕಳ ಮುಂದಿಡಿ. ಮೊಟ್ಟೆಯ ಸಿಪ್ಪೆ ಸುಣ್ಣದ ಜಾತಿಯದು. ವಿನೆಗರ್‌ನ ಹುಳಿ ಅದನ್ನು ಮೇಲುಮೇಲೆ ಸ್ವಲ್ಪ ಕರಗಿಸುತ್ತದೆ, ಸಣ್ಣ ಗುಳ್ಳೆ ಏಳುತ್ತದೆ, ಬಣ್ಣ ಚೆನ್ನಾಗಿ ಕಚ್ಚುತ್ತದೆ. ಐದು ನಿಮಿಷ ಸಾಕು.

ಅದ್ದುವ ಮೊದಲು ಮಗುವಿಗೆ ಬಿಳಿ ಮೇಣದ ಕ್ರೇಯಾನ್ ಅಥವಾ ಮೇಣದಬತ್ತಿಯ ತುಂಡು ಕೊಟ್ಟು ಮೊಟ್ಟೆ ಮೇಲೆ ಹೆಸರು ಬರೆಸಿ. ಬರೆಯುವಾಗ ಏನೂ ಕಾಣುವುದಿಲ್ಲ. ಬಣ್ಣದಿಂದ ತೆಗೆದಾಗ ಅಕ್ಷರ ಬೆಳ್ಳಗೆ ಎದ್ದು ಬರುತ್ತದೆ. ಆಗ ಮಗುವಿನ ಮುಖ ನೋಡಬೇಕು! ಉಕ್ರೇನ್‌ನ ಪೀಸಾಂಕಾ ಮೊಟ್ಟೆಗಳ ಕೆಲಸವೂ ಇದೇ ಮೇಣದ ಗುಟ್ಟಿನ ಮೇಲೆ ನಿಂತಿದೆ. ಅಲ್ಲಿ ಕಾಯಿಸಿದ ಜೇನುಮೇಣದಿಂದ ಗೆರೆ ಎಳೆದು, ಒಂದರ ಮೇಲೊಂದು ಬಣ್ಣ ಕೊಡುತ್ತಾರೆ.

ಈರುಳ್ಳಿ ಸಿಪ್ಪೆ

ಬಣ್ಣ ಕೊಳ್ಳುವುದೇ ಬೇಡ ಅನ್ನುವವರು ಎರಡು ಹಿಡಿ ಈರುಳ್ಳಿ ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ 20 ನಿಮಿಷ ಕುದಿಸಿ, ಸೋಸಿ, ತಣಿಸಿ. ಎರಡು ಚಮಚ ವಿನೆಗರ್ ಹಾಕಿ. ಹಸಿ ಮೊಟ್ಟೆ ಮೇಲೆ ಒದ್ದೆ ಕೊತ್ತಂಬರಿ ಎಲೆ ಅಂಟಿಸಿ, ಹಳೆ ನೈಲಾನ್ ಕಾಲುಚೀಲದ ತುಂಡಿನಲ್ಲಿ ಬಿಗಿಯಾಗಿ ಕಟ್ಟಿ, ಅದೇ ನೀರಿನಲ್ಲಿ ಬೇಯಿಸಿ. ಬಿಚ್ಚಿದಾಗ ಇಟ್ಟಿಗೆ ಬಣ್ಣದ ಮೊಟ್ಟೆ ಮೇಲೆ ಎಲೆಯ ಒಂದೊಂದು ಹಲ್ಲೂ ತಿಳಿಯಾಗಿ ಮೂಡಿರುತ್ತದೆ. ಒಲೆ ಕೆಲಸ ನಿಮ್ಮದು. ಅಂಟಿಸುವುದು, ಬಿಚ್ಚುವುದು ಮಕ್ಕಳದು.

ಅರಿಶಿನ ನೀರಿನಿಂದ ಹಳದಿ ಬರುತ್ತದೆ. ಅದನ್ನು ಸ್ಟೀಲ್ ಪಾತ್ರೆಯಲ್ಲೇ ಮಾಡಿ, ಪ್ಲಾಸ್ಟಿಕ್‌ಗೆ ಕಲೆ ಕೂರುತ್ತದೆ. ಬಟ್ಟೆಗೆ ತಾಗಿದ ಅರಿಶಿನ ಸೋಪು ಹಾಕಿದಾಗ ಕೆಂಪಾಗುತ್ತದೆ, ಗಾಬರಿ ಬೇಡ. ತೊಳೆದು ಬಿಸಿಲಿಗೆ ಹಾಕಿ, ಕಲೆ ತಾನಾಗಿ ಮಂಕಾಗುತ್ತದೆ.

ಒಣಗಿಸಿ, ತಿನ್ನಿ

ಒದ್ದೆ ಮೊಟ್ಟೆಯನ್ನು ಪೇಪರ್ ಮೇಲೆ ಇಡಬೇಡಿ, ಅಚ್ಚಿನ ಮಸಿ ಹತ್ತುತ್ತದೆ. ಮೊಟ್ಟೆ ತಂದ ರಟ್ಟಿನ ಟ್ರೇಯಲ್ಲೇ ಒಣಗಲಿ. ಆಮೇಲೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ಹೊಳಪು ಬರುತ್ತದೆ. ತಿನ್ನುವುದಾದರೆ ಎರಡು ಗಂಟೆಗಿಂತ ಜಾಸ್ತಿ ಹೊರಗಿಡಬೇಡಿ. ಫ್ರಿಜ್‌ನಲ್ಲಿಟ್ಟು ವಾರದೊಳಗೆ ಮುಗಿಸಿ, ಬಿರುಕು ಬಿಟ್ಟಿದ್ದನ್ನು ಅವತ್ತೇ ತಿಂದುಬಿಡಿ. ನಮ್ಮ ಮನೆಯಲ್ಲಿ ಉಳಿದವು ಮಾರನೇ ದಿನ ಮೊಟ್ಟೆ ಸಾರಿಗೆ ಹೋಗುತ್ತವೆ. ಸಿಪ್ಪೆ ಸುಲಿದಾಗ ಬಿಳಿ ಭಾಗದ ಮೇಲೆ ಅಲ್ಲಲ್ಲಿ ನೀಲಿ ಚುಕ್ಕಿ ಕಂಡರೆ ಮಗಳು ಅದನ್ನೇ ತನ್ನ ತಟ್ಟೆಗೆ ಹಾಕಿಸಿಕೊಳ್ಳುತ್ತಾಳೆ.