ಕೋಲ್ಡ್ ಫ್ರಂಟ್‌ನ ಸಣ್ಣ ಮಳೆಪಟ್ಟಿ ಡಬ್ಲ್ಯೂಆರ್‌ಎಫ್‌ನಲ್ಲಿ ಬರುತ್ತಿರಲಿಲ್ಲ: ಸರಿಹೋಗಿದ್ದು ಹೀಗೆ

ಚಳಿಗಾಲದಲ್ಲಿ ಐರಿಶ್ ಸಮುದ್ರ ದಾಟಿ ವೇಲ್ಸ್ ಕಡೆ ಬರುವ ಒಂದು ಕೋಲ್ಡ್ ಫ್ರಂಟ್, ಅಂದರೆ ಬೆಚ್ಚಗಿನ ಗಾಳಿಯನ್ನು ತಳ್ಳಿಕೊಂಡು ಬರುವ ತಣ್ಣನೆ ಗಾಳಿಯ ಮುಂಚೂಣಿ. ರೇಡಾರ್‌ನಲ್ಲಿ ಮಳೆ 4 ಕಿ.ಮೀ. ಅಗಲದ ಗೆರೆ, ಅಲ್ಲಲ್ಲಿ ತುಂಡಾಗಿದೆ. ನನ್ನ ಮಾಡೆಲ್‌ನಲ್ಲಿ (ಡಬ್ಲ್ಯೂಆರ್‌ಎಫ್, ಹವಾಮಾನ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಮಾತ್ರ ಅಗಲವಾಗಿ ಹರಡಿದ ಜಿಟಿಜಿಟಿ ಮಳೆ. ಗ್ರಿಡ್, ಅಂದರೆ ಲೆಕ್ಕದ ಒಂದು ಚೌಕದ ಅಗಲ, 9 ಕಿ.ಮೀ. ಇತ್ತು.

ಮೈಕ್ರೋಫಿಸಿಕ್ಸ್ ಸ್ಕೀಮ್ (ಮೋಡದ ಹನಿ, ಹಿಮ, ಮಳೆಯ ಲೆಕ್ಕ) ಬದಲಿಸಿದೆ. ಲಂಬ ಪದರ ಜಾಸ್ತಿ ಮಾಡಿದೆ. ಟೈಮ್ ಸ್ಟೆಪ್ (ಒಂದು ಲೆಕ್ಕದಿಂದ ಮುಂದಿನದಕ್ಕೆ ಇರುವ ಸಮಯ) ಇಳಿಸಿದೆ. ಯಾವುದೂ ಕೆಲಸ ಮಾಡಲಿಲ್ಲ. ಈ ಮಾಡೆಲ್ ಸರಿಯಾಗಿ ಹಿಡಿಯುವುದು ಸುಮಾರು 7 ಗ್ರಿಡ್ ಅಗಲದಿಂದ ಮೇಲಿನ ರಚನೆಯನ್ನು. ಅಂದರೆ ಇಲ್ಲಿ 63 ಕಿ.ಮೀ.ನಿಂದ ಮೇಲಿನದನ್ನು. 4 ಕಿ.ಮೀ. ಗೆರೆ ಬರುವುದಾದರೂ ಹೇಗೆ, ಅಲ್ವಾ?

ಒಂದರೊಳಗೊಂದು ಮೂರು ಡೊಮೇನ್ (ಲೆಕ್ಕ ನಡೆಯುವ ಪ್ರದೇಶ) ಇಟ್ಟೆ: ಗ್ರಿಡ್ 9, 3, 1 ಕಿ.ಮೀ. ಟೈಮ್ ಸ್ಟೆಪ್ 54, 18, 6 ಸೆಕೆಂಡ್. ಕ್ಯುಮುಲಸ್ ಸ್ಕೀಮ್ (ಗ್ರಿಡ್‌ಗೆ ಸಿಗದ ಸಣ್ಣ ಮೋಡಗಳ ಮಳೆಯ ಅಂದಾಜು) 1, 0, 0; 0 ಅಂದರೆ ಆಫ್. ಒಳಗಿನ ಎರಡರಲ್ಲಿ ಅದು ಬೇಡವೇ ಬೇಡ. ಮೈಕ್ರೋಫಿಸಿಕ್ಸ್ 8, ಅಂದರೆ ಥಾಂಪ್ಸನ್ ಎಂಬ ಸ್ಕೀಮ್. ಒಳ ಡೊಮೇನ್‌ನ ಪಶ್ಚಿಮದ ಅಂಚನ್ನು ಸಮುದ್ರದ ಕಡೆ 150 ಕಿ.ಮೀ. ಹಿಂದಕ್ಕೆ ತಳ್ಳಿದೆ. ಅಂಚು ದಾಟಿ ಬಂದ ಫ್ರಂಟ್‌ಗೆ ಚೂಪಾಗಲು ಜಾಗ ಬೇಕು. ಫ್ರಂಟ್ ಬರುವ 12 ಗಂಟೆ ಮೊದಲೇ ರನ್ ಶುರು ಮಾಡಿದೆ.

ಆದರೂ ಚಿತ್ರದಲ್ಲಿ ಪಟ್ಟಿ ದಪ್ಪಗೇ ಇತ್ತು. ತಪ್ಪು ಮಾಡೆಲ್‌ನದ್ದಲ್ಲ, ಚಿತ್ರದ್ದು. ನಾನು ನೋಡುತ್ತಿದ್ದದ್ದು ಗಂಟೆಯ ಒಟ್ಟು ಮಳೆ. ಫ್ರಂಟ್ ಸೆಕೆಂಡಿಗೆ 15 ಮೀಟರ್ ಓಡಿದರೆ ಗಂಟೆಗೆ 54 ಕಿ.ಮೀ.; ಸಣ್ಣ ಗೆರೆ ಅಷ್ಟಗಲಕ್ಕೆ ಬಳಿದುಹೋಗುತ್ತದೆ. ಒಳ ಡೊಮೇನ್‌ನ ಹಿಸ್ಟರಿ ಇಂಟರ್ವಲ್ (ಫಲಿತಾಂಶ ಎಷ್ಟು ಹೊತ್ತಿಗೊಮ್ಮೆ ಉಳಿಸಬೇಕು ಎಂಬುದು) 5 ನಿಮಿಷ ಮಾಡಿ, ಡು ರೇಡಾರ್ ರೆಫ್ ಎಂಬ ಸೆಟ್ಟಿಂಗ್ 1 ಇಟ್ಟು, ರಿಫ್ಲೆಕ್ಟಿವಿಟಿಯ (ರೇಡಾರ್‌ಗೆ ಆ ಕ್ಷಣದ ಮಳೆ ಕಾಣುವ ಬಗೆ) ಚಿತ್ರ ಬಿಡಿಸಿದೆ. ಗೆರೆಯೂ ಬಂತು, ನಡುವಿನ ಖಾಲಿ ತುಂಡುಗಳೂ ಬಂದವು.