ಕಂಬೈನ್ ಕಟಾವಿನ ಮೇಲೆ ಹಾಕಿದ ಹುರುಳಿ ಪಟ್ಟೆಪಟ್ಟೆಯಾಗಿ ಹುಟ್ಟುತ್ತಿದ್ದರೆ

ದೊಡ್ಡಬಳ್ಳಾಪುರದ ಕಡೆ ಕೆಂಪು ಮಣ್ಣಿನ ಹೊಲ. ಮುಂಗಾರಿನ ಮೆಕ್ಕೆಜೋಳವನ್ನು ಕಂಬೈನ್‌ನಲ್ಲಿ (ಕೊಯ್ದು ಕಾಳು ಬಿಡಿಸುವ ಯಂತ್ರ) ಕೊಯ್ಲು ಮಾಡಿ, ಹಿಂಗಾರಿನ ಹಸಿಗೆ ಹುರುಳಿ ಬಿತ್ತುತ್ತೇವೆ. ಯಂತ್ರ ಹಾದುಹೋದ ಜಾಡಿನಲ್ಲಿ ಮಾತ್ರ ಪೈರು ಹುಟ್ಟುತ್ತಿರಲಿಲ್ಲ. ಪಕ್ಕದಲ್ಲಿ ಒತ್ತಾಗಿ ಬರುತ್ತಿತ್ತು.

ಬೀಜ ಹೆಚ್ಚು ಹಾಕಿದರೂ ಜಾಡು ಖಾಲಿಯೇ. ಮಣ್ಣು ಪುಡಿಮಾಡುವ ರೋಟವೇಟರ್ ಹೊಡೆಸಿದರೆ ಹಸಿ ಆರಿತು. ನೀರು ಹಾಯಿಸಿದರೆ ಮಣ್ಣು ಹೆಪ್ಪುಗಟ್ಟಿ ಮೊಳಕೆ ಮೇಲೇಳಲಿಲ್ಲ.

ಜಾಡಿನಲ್ಲಿ ಬೆರಳಿಂದ ಕೆದಕಿದಾಗ ಕಾರಣ ಸಿಕ್ಕಿತು. ಕಂಬೈನ್ ಜಾಡಿನಲ್ಲಿ ಬಿಟ್ಟು ಹೋದ, ಇಬ್ಬನಿಗೆ ನೆನೆದ ದಂಟನ್ನು ಟ್ರ್ಯಾಕ್ಟರ್ ಕೂರಿಗೆ ಕತ್ತರಿಸದೆ ಸಾಲಿನೊಳಕ್ಕೆ ಮಡಚಿ ತುರುಕಿತ್ತು. ಬೀಜ ಆ ದಂಟಿನ ಮೇಲೇ ಕೂತಿತ್ತು, ಮಣ್ಣು ತಾಗಿರಲಿಲ್ಲ.

ಈಗ ಮಾಡುವ ಕ್ರಮ ಹೀಗೆ. ಕಂಬೈನ್ ಗೊತ್ತುಮಾಡುವಾಗಲೇ ಹಿಂದುಗಡೆ ದಂಟು ಕತ್ತರಿಸಿ ಎರಚುವ ಚಾಪರ್ ಇರುವುದನ್ನೇ ಕೇಳಬೇಕು. ಬದುವಿನ ಹತ್ತಿರ ಯಂತ್ರ ತಿರುಗುವ ಕಡೆ ದಂಟಿನ ಗುಡ್ಡೆ ಬಿದ್ದೇ ಬೀಳುತ್ತದೆ. ಅದನ್ನು ಅಂದೇ ಸಂಜೆ ಕೈಯಿಂದ ಹರಡಬೇಕು. ಮಾರನೇ ದಿನ ಇಬ್ಬನಿ ಆರಿ ದಂಟು ಕೈಯಲ್ಲಿ ಪಟಪಟ ಮುರಿಯುವಂತಾದ ಮೇಲೆ, ಅಂದರೆ ಸುಮಾರು 11 ಗಂಟೆಗೆ, ಬಿತ್ತನೆ ಶುರು. ಬೆಳಗ್ಗೆ ಬೇಗ ಇಳಿಯಲೇಬಾರದು, ಇಡೀ ಕೆಲಸ ನಿಂತಿರುವುದು ಇದರ ಮೇಲೆ. ಕೂರಿಗೆಯನ್ನು ಕಂಬೈನ್ ಜಾಡಿಗೆ ಅಡ್ಡಲಾಗಿ, ಕಡಿಮೆ ಗೇರಿನಲ್ಲಿ ಓಡಿಸಿ. ಸಾಲಿನಿಂದ ಸಾಲಿಗೆ 30 ಸೆಂ.ಮೀ., ಆಳ 4 ಸೆಂ.ಮೀ. ಆಳವನ್ನು ಬಯಲು ಜಾಗದಲ್ಲಿ ಅಲ್ಲ, ಹಳೇ ಜಾಡಿನಲ್ಲೇ ಕೆದಕಿ ನೋಡಿ. ಬೀಜದ ಸುತ್ತ ಹಸಿ ಮಣ್ಣು ಕಂಡರೆ ಮುಂದುವರಿಸಿ.